ಸಣ್ಣ ಕಾಳಗಗಳ ಹೊತ್ತಗೆಗಳು

ಬೊನಾಪಾರ್ಟನ ಕಾಲದ ಯುದ್ಧಗಳೆಂದೊಡನೆ ವಾಚಕರಿಗೆ ಆಸ್ಟರ್ಲಿಟ್ಸ್, ವಾಟರ್ಲೂ ಎಂಬ ಹೆಸರುಗಳೇ ನೆನಪಿಗೆ ಬರುವುವು. ಪಾಠಶಾಲೆಯಲ್ಲಿ ರಘುವಿನ ದಿಗ್ವಿಜಯವನ್ನು ಓದಿ ಬೆಳೆದ ನನಗೆ ಆ ರಣಚರಿತ್ರೆಯ ರುಚಿ ಹತ್ತಿದುದು ತಡವಾಗಿ. ಅದೂ ಗ್ರಂಥಕರ್ತರು ಅರ್ಧ ಪುಟದಲ್ಲಿ ಮುಗಿಸಿಬಿಡುವ ಸಣ್ಣ ಕಾಳಗಗಳಿಂದ. ಅವುಗಳಲ್ಲಿ ಕೆಲವು ನಮ್ಮ ನೆಲದಲ್ಲಿಯೇ ನಡೆದುವು.

ನಾನಿರುವುದು ಎಲೆಕ್ಟ್ರಾನಿಕ್ ಸಿಟಿಯ ಆಚೆ, ಆನೇಕಲ್ಲಿನ ಹಾದಿಯಲ್ಲಿ. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ದಂಡು ಶ್ರೀರಂಗಪಟ್ಟಣಕ್ಕೆ ನಡೆದುದು ಈ ಸೀಮೆಯನ್ನು ಹಾದೇ. ಹೊರೆಯೆತ್ತುಗಳು ದಾರಿಯುದ್ದಕ್ಕೂ ಬಿದ್ದು ಸತ್ತುವೆಂದು ಓದಿದ ಮೇಲೆ, ಕಂಪೆನಿಗಳ ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಈ ರಸ್ತೆಯನ್ನು ಮೊದಲಿನ ಕಣ್ಣಿನಿಂದ ನೋಡಲಾರೆನು. ಮುಂದೆ ವಾಟರ್ಲೂವಿನಲ್ಲಿ ಗೆದ್ದ ಆರ್ಥರ್ ವೆಲ್ಲೆಸ್ಲಿ ಆಗ ಆ ದಂಡಿನಲ್ಲಿ ಕರ್ನಲನಾಗಿದ್ದನು.

ಪಟ್ಟಣವು ಮೇ 4ರಂದು ಬಿದ್ದಾಗ ಸೆರೆಯಿಂದ ಪಾರಾದವನು ಚನ್ನಗಿರಿಯ ಧೋಂಡಿಯ ವಾಘ. ದಂಡು ಕೂಡಿಸಿ ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ಧರಿಸಿದನು. (ಸಮಾಸವೇನೋ ನಿರ್ದುಷ್ಟವಾಗಿದೆ, ಒಂದು ಲೋಕದಲ್ಲಿಯಾದರೂ ಕಾಲೂರಲು ಅವನಿಗೆ ಎಡೆ ದೊರೆಯಲಿಲ್ಲ.) ಬೊನಾಪಾರ್ಟನು ಮರೆಂಗೋವಿನಲ್ಲಿ ಗೆದ್ದ 1800ರಲ್ಲಿಯೇ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿ ಇವನನ್ನು ಬೆನ್ನಟ್ಟಿದನು. ಜುಲೈ 30ರಂದು ಮಲಪ್ರಭೆಯ ಬಳಿ ಮುನವಳ್ಳಿಯ ಹತ್ತಿರ ಪಾಳೆಯವು ಸೂರೆಯಾಯಿತು. ಸೆಪ್ಟೆಂಬರ್ 10ರಂದು, ಈಗಿನ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ, ಸುಮಾರು 5000 ರಾವುತರಿಗೆ ಇದಿರಾಗಿ ತನ್ನ ನಾಲ್ಕು ಕುದುರೆಪಡೆಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯನು ಮಡಿದನು. ಸರಂಜಾಮಿನ ನಡುವೆ ದೊರೆತ ಅವನ ಎಳೆಯ ಮಗ ಸಲಾಬತ್ ಖಾನನನ್ನು ಗೆದ್ದವನೇ ಪೋಷಿಸಿ, ದೇಶ ಬಿಡುವಾಗ ಅವನಿಗಾಗಿ ಹಣವನ್ನಿಟ್ಟುಹೋದನು.

ಗರ್ವುಡ್ ಸಂಗ್ರಹಿಸಿದ ವೆಲ್ಲೆಸ್ಲಿಯ ಪತ್ರಗಳಲ್ಲಿ ಕತ್ತಿಗಿಂತ ಅಕ್ಕಿ, ಎತ್ತು, ಹರಿಗೋಲುಗಳ ಚಿಂತೆಯೇ ಹೆಚ್ಚು. ಇದರಿಂದಲೇ ನನಗೆ ಅವುಗಳಲ್ಲಿ ನಂಬಿಕೆ. ಆದರೆ ಅಲ್ಲಿ ಧೋಂಡಿಯನು ಬರಿಯ ದರೋಡೆಕೋರ. ಅವನು ದೋಚಿದುದು ದಿಟ. ಆದರೂ ಅನ್ನ ಕೊಡುವ ದೊರೆ ಅಳಿದ ಮೇಲೆ ಟೀಪುವಿನ ಸಿಪಾಯಿಗಳು ಹೋಗಬೇಕಾದುದೆಲ್ಲಿಗೆ? ಅವನ ಬಳಿ ಸೇರಿದ ಆ ಮಂದಿಯ ಪತ್ರಗಳನ್ನು ಯಾವ ಗರ್ವುಡನೂ ಸಂಗ್ರಹಿಸಲಿಲ್ಲ. ಈ ಕೊರತೆ ನನ್ನನ್ನು ಕಾಡುತ್ತದೆ.

ಇನ್ನೊಂದು ಮಾತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ನಮ್ಮ ನಾಡಿನ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ ಮಾರ್ಕ್ ವಿಲ್ಕ್ಸನೇ, 1815ರಲ್ಲಿ ನೆಪೋಲಿಯನ್ನನು ಸೆರೆಯಾಳಾಗಿ ಸೇಂಟ್ ಹೆಲೆನಾ ದ್ವೀಪದಲ್ಲಿ ಇಳಿದಾಗ ಅಲ್ಲಿಯ ಗವರ್ನರನಾಗಿದ್ದನು. ಅವರಿಬ್ಬರ ಸಂಭಾಷಣೆ 1901ರಲ್ಲಿ ಅಚ್ಚಾಗಿದೆ. ಆ ಕಿರುಹೊತ್ತಗೆ ಸಂಘದ ಸದಸ್ಯರಲ್ಲಿ ಯಾರ ಬಳಿಯಾದರೂ ಇದ್ದಲ್ಲಿ, ಕೆಲವು ದಿನಗಳ ಮಟ್ಟಿಗೆ ಓದಲು ದಯಪಾಲಿಸಬೇಕೆಂದು ಕೋರುತ್ತೇನೆ.