ಮೂಲೆಯಲ್ಲಿ ಉಳಿದ ಲೆಕ್ಕ

ಮೇ ತಿಂಗಳ ಬಿಸಿಲು ಬೆಳಗಿನ ಎಂಟಕ್ಕೇ ಚುರುಗುಟ್ಟುತ್ತಿತ್ತು. ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ ಒಂದು ಮನೆಯ ಮುಂದೆ ಗೌಂಡಿಯೊಬ್ಬ ಬೈಕು ನಿಲ್ಲಿಸಿದ. ಹಿಂದೆ ಕುಳಿತಿದ್ದವನು ಅವನ ಮಗ, ಹದಿನಾರರ ಹುಡುಗ. ವಾರದ ಹಿಂದಷ್ಟೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ಉಳಿದೆಲ್ಲ ವಿಷಯಗಳಲ್ಲಿ ದಾಟಿದ್ದ ಹುಡುಗ ಗಣಿತದಲ್ಲಿ ಮಾತ್ರ ಬಿದ್ದಿದ್ದ. “ಇವಗ ಓದು ಹತ್ತಂಗಿಲ್ಲ ಅಕ್ಕಾರ, ಕರಣಿ ಹಿಡಿಲಿ ಅಂತ ಕರ್ಕೊಂಡು ಬಂದೀನಿ” ಎಂದು ಗೌಂಡಿ ಮನೆಯಾಕೆಗೆ ಹೇಳಿದ. ಹುಡುಗ ತಲೆ ಎತ್ತಲಿಲ್ಲ.

ಆ ಮನೆಯಲ್ಲಿ ಹತ್ತಿ ಮಾರಿದ ಹಣದಲ್ಲಿ ಉಳಿದಿದ್ದಷ್ಟು ಅಡುಗೆಮನೆಗೆ ಮೀಸಲಾಗಿತ್ತು. ವರ್ಷಗಟ್ಟಲೆ ಹೊಗೆ ಕುಡಿದ ಗೋಡೆಗೆ ಕೊನೆಗೂ ಟೈಲ್ಸ್ ಕಾಣುವ ಯೋಗ. ಕಟ್ಟೆಯ ಹಿಂದಿನ ಗೋಡೆ 275 ಸೆಂ.ಮೀ. ಉದ್ದ. ಅದರ ಎಡಕ್ಕೆ ಮೂಲೆ, ಅಲ್ಲಿಂದ ಕಟ್ಟೆಯ ಅಗಲದಷ್ಟು, ಅಂದರೆ 60 ಸೆಂ.ಮೀ. ಪಕ್ಕದ ಗೋಡೆ. ಬಲಕ್ಕೆ ಬಾಗಿಲು. ಟೈಲಿನ ಅಳತೆ 45ಕ್ಕೆ 30. ಅಡ್ಡಡ್ಡಲಾಗಿ ಎರಡು ಸಾಲು ಹಚ್ಚಿದರೆ ಎರಡಡಿ ಎತ್ತರ ಮುಚ್ಚುತ್ತದೆ. ರಾಯಚೂರಿನಿಂದ ತಂದಿದ್ದು ಮೂರು ಪೆಟ್ಟಿಗೆ, ಒಟ್ಟು 18 ಟೈಲು. ಮೂರೂ ಪೆಟ್ಟಿಗೆಗಳ ಮೇಲೆ ಒಂದೇ ಬ್ಯಾಚ್ ಸಂಖ್ಯೆ. ಒಂದೇ ಹೆಸರಿನ ಟೈಲೂ ಬೇರೆ ಬ್ಯಾಚಿನದಾದರೆ ಬಣ್ಣದಲ್ಲಿ ತುಸು ಬೇರೆಯಾಗಬಹುದು. ಆಮೇಲೆ ತಂದು ಸೇರಿಸಿದರೆ ಗೋಡೆ ತೇಪೆ ಹಾಕಿದ ಅಂಗಿಯಂತೆ ಕಾಣುತ್ತದೆ.

ಹುಡುಗನಿಗೆ ಮೊದಲು ಸಿಕ್ಕ ಕೆಲಸ ಟೈಲುಗಳನ್ನು ಬಕೆಟ್ಟಿನ ನೀರಲ್ಲಿ ನೆನೆಹಾಕುವುದು. ಮುಳುಗಿಸಿದ ಕೂಡಲೇ ಹಿಂಬದಿಯಿಂದ ಗುಳ್ಳೆಗಳು ಸಾಲಾಗಿ ಎದ್ದವು. ಗೋಡೆ ಟೈಲಿನ ಒಡಲು ರಂಧ್ರಮಯ. ಮುಂದಿನ ಗಾಜಿನಂಥ ಲೇಪ ಮಾತ್ರ ನೀರು ಬಿಡುವುದಿಲ್ಲ. ಒಣ ಟೈಲನ್ನು ಹಾಗೇ ಹಚ್ಚಿದರೆ ಅದು ಸಿಮೆಂಟಿನ ನೀರನ್ನೇ ಹೀರಿಬಿಡುತ್ತದೆ. ನೀರಿಲ್ಲದ ಸಿಮೆಂಟು ಗಟ್ಟಿಯಾಗುವುದಾದರೂ ಹೇಗೆ? ಪಾಠದಲ್ಲಿ ಓದಿದ ಲೋಮನಾಳ ಕ್ರಿಯೆ ಬಕೆಟ್ಟಿನಲ್ಲಿ ನಡೆಯುತ್ತಿತ್ತು.

ಗೌಂಡಿ ನೀರಿನ ಪೈಪು ಹಿಡಿದು ಮಟ್ಟದ ಗೆರೆ ಎಳೆದ. ಮೂಲೆಯಿಂದ ಇಡೀ ಟೈಲು ಹಚ್ಚುತ್ತ ಬಾಗಿಲ ಕಡೆಗೆ ಸಾಗಿದ. ಅವನ ಕೈ ಪಳಗಿದ್ದು. ಆರು ಟೈಲು ಕೂರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಬಾಗಿಲ ಬಳಿ ಉಳಿದ ಜಾಗ 3.8 ಸೆಂ.ಮೀ., ಎರಡು ಬೆರಳಗಲ. ಅಷ್ಟು ಸಣ್ಣ ಪಟ್ಟಿ ಕೊಯ್ಯಲು ಹೋದರೆ ಬಿರುಕು ಓರೆಯಾಗಿ ಹರಿದು ಇಡೀ ಟೈಲೇ ಎರಡಾಯಿತು. ಇನ್ನೊಂದನ್ನು ಹಿಡಿದ. ಅದೂ ಹಾಗೆಯೇ. ಗೋಡೆಯ ಮೇಲೆ ಆರು, ನೆಲದ ಮೇಲೆ ಹತ್ತು ಉಳಿದವು. ಮನೆಯಾಕೆ ಏನೂ ಅನ್ನಲಿಲ್ಲ. ಒಡೆದ ಚೂರುಗಳನ್ನು ನೋಡಿ ಒಳಗೆ ಹೋದಳು. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ಹುಡುಗ ಇದ್ದಿಲ ಚೂರೊಂದನ್ನು ಎತ್ತಿಕೊಂಡು ನೆಲದ ಮೇಲೆ ಏನೋ ಬರೆಯುತ್ತಿದ್ದ. “ಯಪ್ಪಾ, ಒಂದು ಇಡೀ ಟೈಲು ತಗದುಬಿಡು. 3.8ಕ್ಕ 45 ಕೂಡಿಸಿದ್ರ 48.8. ಅದನ್ನ ಎರಡು ಭಾಗ ಮಾಡು, 24.4. ನಡುವ ಐದು ಇಡೀ ಟೈಲು, ಎರಡೂ ತುದಿಗೆ ಸರಿಯಾದ ಒಂದೊಂದು ತುಂಡು. ಎರಡೂ ಅರ್ಧಕ್ಕಿಂತ ದೊಡ್ಡವು, ಒಡಿಯಂಗಿಲ್ಲ.”

ಗೌಂಡಿ ಉತ್ತರಿಸದೆ ಗೋಡೆಯನ್ನು ದಿಟ್ಟಿಸಿದ. ಹುಡುಗನ ಲೆಕ್ಕದಲ್ಲಿ ಆರು ಸಂದುಗಳ ತಲಾ 2 ಮಿ.ಮೀ. ಕೂಡ ಸೇರಿತ್ತು. ಸಾಲಿಗೆ ಬೇಕಾದ ಟೈಲು ಆಗಲೂ ಏಳು, ಈಗಲೂ ಏಳು. ಆದರೂ ಅವನು ತಲೆ ಅಲ್ಲಾಡಿಸಿದ. “ಪಕ್ಕದ ಗೋಡಿ ಟೈಲು ಬಂದು ಮೂಲ್ಯಾಗ ಎರಡು ಸೆಂಟಿಮೀಟರ್ ನುಂಗ್ತದ. ಅದನ್ನ ಎಲ್ಲಿ ಹಿಡದಿ?”

ಇದೇ ನೋಡಿ, ಪುಸ್ತಕದಲ್ಲಿ ಸಿಗದ ಮಾತು. ಟೈಲಿನ ದಪ್ಪ, ಅದರ ಹಿಂದಿನ ಸಿಮೆಂಟು ಸೇರಿ ಪಕ್ಕದ ಗೋಡೆ ಎರಡು ಸೆಂ.ಮೀ. ಮುಂದೆ ಬರುತ್ತದೆ. ಹಿಂದಿನ ಗೋಡೆಯ ತುಂಡಿನಲ್ಲಿ ಅಷ್ಟು ಭಾಗ ಅದರ ಹಿಂದೆ ಅಡಗಿಹೋಗುತ್ತದೆ. ಕಣ್ಣಿಗೆ ಕಾಣುವ ಗೋಡೆ 275 ಅಲ್ಲ, 273. ಹುಡುಗ ಅಳಿಸಿ ಮತ್ತೆ ಬರೆದ. ಕಾಣುವ ಭಾಗ ತುದಿಗೆ 23.4ರಂತೆ. ಬಾಗಿಲ ಕಡೆ ತುಂಡು 23.4, ಮೂಲೆಯ ತುಂಡಿಗೆ ಅಡಗುವ ಎರಡು ಸೇರಿ 25.4, ಅದರಲ್ಲಿ ಮೂಲೆಯ ಸಂದಿಗೆ ಎರಡು ಮಿ.ಮೀ. ಬಿಟ್ಟು 25.2. ಕೊಯ್ದು ಉಳಿದ ಚೂರುಗಳಿಂದಲೇ ಪಕ್ಕದ ಗೋಡೆಗೆ ಬೇಕಾದ ಹನ್ನೆರಡೂವರೆ ಸೆಂ.ಮೀ. ತುಂಡು ಹೊರಡುತ್ತದೆ. ಹಿಂದಿನ ಗೋಡೆಗೆ ಹದಿನಾಲ್ಕು, ಪಕ್ಕಕ್ಕೆ ಎರಡು, ಒಟ್ಟು ಹದಿನಾರು. ಇದ್ದದ್ದೂ ಹದಿನಾರೇ. ಇನ್ನೊಂದು ಒಡೆದರೆ ಲೆಕ್ಕವೂ ಮುರಿದಂತೆ.

ಸಿಮೆಂಟು ನೀರು ಕಂಡ ಮೇಲೆ ಬಿಗಿಯತೊಡಗಲು ಕನಿಷ್ಠ 30 ನಿಮಿಷ ಬೇಕೆಂಬುದು ಭಾರತೀಯ ಮಾನಕ. ಬಿಸಿಲಿನ ನಾಡಿನಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ. ಗೌಂಡಿ ಕರಣಿ ತುದಿ ಹಾಕಿ ಆರೂ ಟೈಲುಗಳನ್ನು ಒಂದೊಂದಾಗಿ ಬಿಡಿಸಿದ. ಮಗ ಹಿಂಬದಿ ಉಜ್ಜಿ ತೊಳೆದು ಮತ್ತೆ ನೀರಿಗಿಟ್ಟ.

ಈ ಸಲ ಮೊದಲು ಒಣಗೋಡೆಯ ಮೇಲೆ ಗೆರೆಗಳು ಬಿದ್ದವು, ಆಮೇಲೆ ಕೆಲಸ. ಮೂಲೆಯಲ್ಲಿ ತೂಗುಗುಂಡು ಇಳಿಬಿಟ್ಟಾಗ ಪಕ್ಕದ ಗೋಡೆ ಮೇಲ್ಗಡೆ 3 ಮಿ.ಮೀ. ವಾಲಿದ್ದು ಕಂಡಿತು. ಗುರುತ್ವಕ್ಕೆ ದಾಕ್ಷಿಣ್ಯವಿಲ್ಲ. ಹೀಗಾಗಿ ಮೂಲೆ ತುಂಡಿನ ಅಳತೆಯನ್ನು ಕೆಳಗೊಮ್ಮೆ, ಮೇಲೊಮ್ಮೆ ತೆಗೆದು ಓರೆಯಾಗಿಯೇ ಕೊಯ್ದರು. ಕೊಯ್ದ ಅಂಚು ಮೂಲೆಯೊಳಗೆ ಹೋಗಿ, ಪಕ್ಕದ ಟೈಲಿನ ಹಿಂದೆ ಮುಚ್ಚಿಹೋಯಿತು. ಬಾಗಿಲ ಬಳಿಯ ತುಂಡಿನಲ್ಲಿ ಕಾರ್ಖಾನೆಯ ನುಣುಪು ಅಂಚು ಹೊರಕ್ಕೆ, ಕೊಯ್ದ ಅಂಚು ಸಂದಿಗೆ. ಪಕ್ಕದ ಗೋಡೆಯಲ್ಲಿ ಇಡೀ ಟೈಲು ಮುಂದೆ, ಸಣ್ಣ ತುಂಡು ಮೂಲೆಗೆ. ಕಣ್ಣು ಬೀಳುವಲ್ಲಿ ಪೂರ್ಣ, ಕಣ್ಣು ತಪ್ಪುವಲ್ಲಿ ತುಂಡು. ನೋಟಕ್ಕಷ್ಟೇ ಅಲ್ಲ, ಲೇಪವಿಲ್ಲದ ಅಂಚು ಎಣ್ಣೆ-ಅರಿಸಿನ ಹೀರಿ ಕಪ್ಪಾಗುತ್ತದೆ ಎಂಬುದೂ ಕಾರಣ.

ಮೂಲೆಯ ಸಂದನ್ನು ಗೌಂಡಿ ಬಿಳಿ ಸಿಮೆಂಟಿನಿಂದ ತುಂಬಲಿಲ್ಲ. ಅದಕ್ಕೆ ಸಿಲಿಕೋನ್ ಒತ್ತಬೇಕೆಂದು ರಾಯಚೂರಿನ ಕೆಲಸವೊಂದರಲ್ಲಿ ಕಲಿತಿದ್ದ; ಏಕೆಂದು ಗೊತ್ತಿರಲಿಲ್ಲ. ಬಿಸಿಲಿಗೆ, ತೇವಕ್ಕೆ ಗೋಡೆಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಮೂರು ಮೀಟರಿಗೂ ಕಡಿಮೆ ಉದ್ದದ ಟೈಲು ಸಾಲಿಗೆ 20 ಡಿಗ್ರಿ ಉಷ್ಣ ಏರಿದರೆ ಹಿಗ್ಗುವುದು ಅರ್ಧ ಮಿ.ಮೀ.ಗಿಂತ ಕಡಿಮೆ. ಆದರೆ ಎರಡು ಗೋಡೆಗಳ ಚಲನೆ ಒಂದೇ ಸಮನಲ್ಲ. ಅವು ಕೂಡುವ ಜಾಗದಲ್ಲಿ ಬಗ್ಗದ ಸಿಮೆಂಟು ಬಿರಿಯುತ್ತದೆ, ಬಗ್ಗುವ ಸಿಲಿಕೋನ್ ತಾಳಿಕೊಳ್ಳುತ್ತದೆ. ಮಗನಿಗೆ ‘ಏಕೆ’ ತಿಳಿದಿತ್ತು, ಅಪ್ಪನಿಗೆ ‘ಹೇಗೆ’.

ಈ ಸೀಮೆಗೆ ಇಂಥ ಕೆಲಸ ಹೊಸದೇನಲ್ಲ. 1294ರ ರಾಯಚೂರು ಕೋಟೆಯ ಭಾರೀ ಕಲ್ಲುಗಳು ಗಾರೆಯಿಲ್ಲದೆ ಒಂದಕ್ಕೊಂದು ಕೂತಿವೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಬಣ್ಣದ ಟೈಲುಗಳ ತುಣುಕುಗಳು ಇಂದಿಗೂ ಉಳಿದಿವೆ. ಅಲ್ಲಿಯೂ ಅಳತೆ ಮೊದಲು, ಕಲ್ಲು-ಟೈಲು ಆಮೇಲೆ ಇದ್ದಿರಲೇಬೇಕು. ಶೂನ್ಯದಿಂದ ಹೊರಟು ಕೊನೆಯಲ್ಲಿ ನೋಡಿಕೊಳ್ಳೋಣ ಎಂದವನಿಗೆ ಕೊನೆಯಲ್ಲಿ ಸಿಗುವುದು ಎರಡು ಬೆರಳಗಲದ ಜಾಗ.

ಮಕ್ಕಳ ವಿಷಯದಲ್ಲೂ ತಂದೆ-ತಾಯಿಗಳು ಇದನ್ನೇ ಮಾಡುತ್ತೇವಲ್ಲವೇ? ಒಂದು ವಿಷಯದಲ್ಲಿ ಅಂಕ ಕಡಿಮೆಯಾದ ಕೂಡಲೇ ಇಡೀ ಹುಡುಗನನ್ನೇ ಒಡೆದ ಚೂರೆಂದು ಬದಿಗಿಡುತ್ತೇವೆ. ಅವನಿಗೆ ಗಣಿತ ಬರುವುದಿಲ್ಲವೋ, ಪರೀಕ್ಷೆಯ ಹಾಳೆಯ ಮೇಲೆ ಮಾತ್ರ ಬರಲಿಲ್ಲವೋ ಎಂದು ಅಳೆದು ನೋಡುವುದಿಲ್ಲ.

ಸಂಜೆ ಐದರ ಹೊತ್ತಿಗೆ ಕೊನೆಯ ಟೈಲು ಕೂತಿತು. ಹದಿನಾರಕ್ಕೆ ಹದಿನಾರು. ಮನೆಯಾಕೆ ಬಾಗಿಲಲ್ಲಿ ನಿಂತು ಆ ತುದಿಯಿಂದ ಈ ತುದಿಗೆ ನೋಡಿ, ಅಂಚಿನ ಮೇಲೆ ಬೆರಳಾಡಿಸಿದಳು. “ಚಂದ ಆಗ್ಯದ ಅಣ್ಣಾ” ಎಂದು ಎರಡು ಲೋಟ ಚಹಾ ತಂದಿಟ್ಟಳು.

ಗೌಂಡಿ ಮಗನನ್ನು ಹೊಗಳಲಿಲ್ಲ. ಅಪ್ಪಂದಿರಿಗೆ ಅದು ಸುಲಭವಲ್ಲ. ನೆಲದ ಮೇಲಿನ ಇದ್ದಿಲ ಲೆಕ್ಕವನ್ನು ಒರೆಸಲು ಹೋದವನು ಕೈ ಹಿಂತೆಗೆದು ಕೇಳಿದ: “ಆ ಇನ್ನೊಂದು ಪರೀಕ್ಷಾ ಬರೀಲಿಕ್ಕೆ ಎಂದಿನತನಕ ಟೈಮ್ ಅದ?”

“ಇನ್ನೂ ನಾಲ್ಕು ದಿನ ಅದ ಯಪ್ಪಾ.”

“ಹಂಗಾದ್ರ ನಾಳಿಗಿ ಕೆಲಸಕ್ಕ ಬರಬ್ಯಾಡ. ಸಾಲಿಗೆ ಹೋಗಿ ಫಾರ್ಮು ತುಂಬು.”

ಹುಡುಗ ಬಕೆಟ್ಟಿನ ನೀರು ಚೆಲ್ಲಿ, ಕರಣಿ ತೊಳೆದು ಚೀಲಕ್ಕೆ ಹಾಕಿದ. ಬೈಕಿನ ಹಿಂದೆ ಕೂರುವಾಗ ಅವನ ತಲೆ ಬಾಗಿರಲಿಲ್ಲ.