ಟೊಳ್ಳು ಯಾರು, ಗಟ್ಟಿ ಯಾರು?

ನಾಟಕವೆಂಬುದು ದಾವಣಗೆರೆಯವರಿಗೆ ಹೊಸದಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿ, ಅವರ ಮಗಳು ಲೀಲಾ ಅವರು ನಾಡಿನಾದ್ಯಂತ ಹೆಸರಾಗಿಸಿದ ಕೆ.ಬಿ.ಆರ್. ನಾಟಕ ಕಂಪನಿಯ ಊರು ಇದು. ಆ ಕಂಪನಿಯ ಪರದೆಗಳನ್ನೂ ದೀಪಗಳನ್ನೂ ಕಂಡು ಬೆಳೆದ ನಾವು ಕೆಲವರು, ಮಠದ ಪ್ರಸಾದ ನಿಲಯದಲ್ಲಿ ಓದಿದವರು, 1984ರಲ್ಲಿ ಟಿ. ಪಿ. ಕೈಲಾಸಂ ಅವರು ಜನಿಸಿ ನೂರು ವರ್ಷ ತುಂಬಿದಾಗ ಅವರ ‘ಟೊಳ್ಳುಗಟ್ಟಿ’ಯನ್ನು ಆಡಲು ಮನಸ್ಸು ಮಾಡಿದೆವು. ನಮ್ಮಲ್ಲಿ ಗುಮಾಸ್ತರಿದ್ದರು, ಉಪಾಧ್ಯಾಯರಿದ್ದರು, ದಲಾಲಿ ಅಂಗಡಿಯ ಲೆಕ್ಕ ಬರೆಯುವವರಿದ್ದರು. ನಟರೆಂಬುವರು ಒಬ್ಬರೂ ಇರಲಿಲ್ಲ.

ನಾಟಕದ ವಸ್ತು ಸರಳವಾದುದು. ಪರೀಕ್ಷೆಯನ್ನೇ ಪರದೈವವೆಂದು ನಂಬಿದ ವಿಚಿತ್ರ ಸಂಸಾರವೊಂದು. ಓದಿನಲ್ಲಿ ಮುಂದಾದ ಪುಟ್ಟು, ಹಿಂದಾದ ಮಾಧು. ಮನೆಗೆ ಆಪತ್ತು ಬಂದೊದಗಿದಾಗ ಹೆಗಲು ಕೊಡುವವನು ಮಾಧು. ಆದರೆ ಕೈಲಾಸಂ ಅವರ ಭಾಷೆ ಹಳೆಯ ಮೈಸೂರು ಸೀಮೆಯ ಓದಿದವರ ಮನೆಯದು, ಇಂಗ್ಲಿಷ್ ಬೆರೆತದ್ದು. ಹೊಲಮನೆಗಳಿಂದ ಬಂದ ನಮ್ಮ ನಾಲಗೆಗೆ ಅದು ಒಗ್ಗಲು ಎರಡು ತಿಂಗಳು ಹಿಡಿಯಿತು. ತಂದೆಯ ಪಾತ್ರ ನನ್ನ ಪಾಲಿಗೆ ಬಂದಿತು. ಆ ಪಾತ್ರಕ್ಕೆ ನನಗೆ ಅಭ್ಯಾಸವೇ ಬೇಕಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ.

ನನಗೂ ಇಬ್ಬರು ಗಂಡುಮಕ್ಕಳು. ಹಿರಿಯನ ಅಂಕಪಟ್ಟಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ. ಕಿರಿಯವನು ಆ ವರ್ಷ ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ನಪಾಸಾಗಿದ್ದನು. ಮನೆಯಲ್ಲಿ ಅವನೊಡನೆ ನಾನು ಸರಿಯಾಗಿ ಮಾತನಾಡಿರಲಿಲ್ಲ. ಸಂಜೆಯ ಹೊತ್ತು ವೃಥಾ ಅಲೆಯದಿರಲೆಂದು ಅವನನ್ನು ತಾಲೀಮಿಗೆ ಕರೆದೊಯ್ದು, ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಕೆಲಸಕ್ಕೆ ಹಚ್ಚಿದೆನು.

ದಾವಣಗೆರೆಯ ಪ್ರಯೋಗ ಹೇಗೋ ಸಾಗಿತು. ಎರಡನೆಯದು ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ. ಅಲ್ಲಿ ಆಗ ನಡೆಯುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕೆಲಸಗಾರರು ಸಂಸಾರಸಮೇತ ಬಂದಿದ್ದರು. ತುಂಗಭದ್ರೆಯ ತಡಿಯಲ್ಲಿ ಹರಿಯೂ ಹರನೂ ಒಂದೇ ಶರೀರವಾಗಿ ನಿಂತಿರುವ ಊರಿನಲ್ಲಿ, ಒಂದೇ ಒಡಲಿನ ಮಕ್ಕಳಲ್ಲಿ ಭೇದವೆಣಿಸುವ ತಂದೆಯಾಗಿ ನಾನು ರಂಗದ ಮೇಲೆ ನಿಂತಿದ್ದೆನು. ಮಾಧುವಿನ ಮೇಲೆ ರೇಗುವ ಮಾತು ಬಂದಿತು, ನನಗೆ ಮರೆತುಹೋಯಿತು. ಪರದೆಯ ಮರೆಯಿಂದ ಮಗ ಮೆಲ್ಲನೆ ಎತ್ತಿಕೊಟ್ಟನು. ಓರೆಗಣ್ಣಿನಿಂದ ನೋಡಿದೆ: ಅವನ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಇಡೀ ನಾಟಕ ಅವನಿಗೆ ಬಾಯಿಪಾಠವಾಗಿತ್ತು. ಮಾತು ಕೈಲಾಸಂ ಅವರದು. ಧಾಟಿ ಮಾತ್ರ ನನ್ನದೇ, ಮನೆಯಲ್ಲಿ ದಿನವೂ ಅವನು ಕೇಳುತ್ತಿದ್ದುದು. ನಾನು ಅದನ್ನು ನುಡಿದೆನು. ಸಭೆ ನಕ್ಕಿತು. ನನಗೆ ಮಾತ್ರ ಮುಂದಿನ ಮಾತಿಗೆ ಗಂಟಲು ಬಿಗಿಯಿತು.

ಹಿಂತಿರುಗುವ ಬಸ್ಸಿನಲ್ಲಿ ನನ್ನ ಮನೆಯವರು, “ಯಾಸ ಹಾಕ್ಕಂಡಿದ್ರೂ ಮನ್ಯಾಗೆ ಇದ್ದಂಗೇ ಇದ್ರಿ ಬಿಡ್ರಿ” ಎಂದರು. ಮಗ ಕಿಟಕಿಯ ಕಡೆ ತಿರುಗಿ ನಕ್ಕನು. ನಾನೂ ನಕ್ಕೆನು, ಬಹಳ ದಿನಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಂದೇ.

ಆ ರಾತ್ರಿ ಪ್ರಸಾದ ನಿಲಯದ ದಿನಗಳು ಕಣ್ಮುಂದೆ ಬಂದವು. ಅಲ್ಲಿ ಹಿರಿಯರು ಎಷ್ಟು ಅಂಕ ಬಂದಿತೆಂದು ಮೊದಲು ಕೇಳುತ್ತಿರಲಿಲ್ಲ. ಪಂಕ್ತಿಯಲ್ಲಿ ಬಡಿಸಿದವರು ಯಾರು, ಎಲ್ಲರೂ ಉಂಡ ಮೇಲೆ ಉಂಡವರು ಯಾರು ಎಂದು ಕೇಳುತ್ತಿದ್ದರು. ಆ ಅನ್ನವನ್ನು ಉಂಡು ದೊಡ್ಡವನಾದ ನಾನು ಆ ಪ್ರಶ್ನೆಯನ್ನು ನನ್ನ ಮಕ್ಕಳಿಗೆ ಒಮ್ಮೆಯೂ ಕೇಳಿರಲಿಲ್ಲ. ದಾಸೋಹದ ಪಾಠದಲ್ಲಿ ನಪಾಸಾದವನು ನಾನೇ.

ಅವನು ಮುಂದೆ ಗಣಿತದಲ್ಲಿ ಉತ್ತೀರ್ಣನಾದನೇ ಎಂದು ಓದುಗರು ಕೇಳಬಹುದು. ನಾನು ಅದನ್ನು ಕೇಳುವುದನ್ನು ಬಿಟ್ಟ ಮೇಲೆ ಆದನು.

ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಹರಿಹರದ ಆ ರಾತ್ರಿ ನೆನಪಾಗುತ್ತದೆ. ಶರಣರು ನಡೆನುಡಿಗಳು ಒಂದಾಗಬೇಕೆಂದರು. ನನ್ನ ನಡೆ ಎಂತಹುದೆಂದು ನನಗೆ ಕಾಣಿಸಲು ಪರರ ನುಡಿಯೊಂದನ್ನು ರಂಗದ ಮೇಲೆ ಆಡಬೇಕಾಯಿತು; ಅದನ್ನೂ ನನ್ನ ಮಗನೇ ಎತ್ತಿಕೊಡಬೇಕಾಯಿತು.