ಕಾಯೋರು ಯಾರು?

ನಮ್ಮ ಭಾಷೇಲಿ ಕಾಯೋದು ಅಂದ್ರೆ ಎರಡು ಅರ್ಥ. ದನ ಕಾಯೋದು ಒಂದು, ದಾರಿ ಕಾಯೋದು ಇನ್ನೊಂದು. ನಮ್ಮ ಕೇರಿಯ ಗಂಡಸರು ಊರಿನ ದನ ಕಾಯ್ದರು. ಹೆಂಗಸರು ಆ ಗಂಡಸರ ದಾರಿ ಕಾಯ್ದರು. ನಾನು ದನದ ಡಾಕ್ಟರಾದೆ. ಐದೂವರೆ ವರ್ಷದ ಓದು, ಅದರಲ್ಲಿ ಕಡೇ ಒಂದು ವರ್ಷ ಇಂಟರ್ನ್‌ಶಿಪ್. ಎಲ್ಲ ಮುಗಿದು ರಿಜಿಸ್ಟ್ರೇಷನ್ ನಂಬರು ಕೈಗೆ ಬಂದ ತಿಂಗಳಲ್ಲೇ ಮನೆಯೋರು, ನೆಂಟರು, ನಮ್ಮ ಸಂಘಟನೆಯ ಹಿರಿಯರು ಎಲ್ಲರೂ ಹೇಳಿದ್ದು ಒಂದೇ ಮಾತು: "ಸ್ವಲ್ಪ ಕಾಯಿ ಕಣಮ್ಮಿ, ಮೊದಲು ಅವನದೊಂದು ಆಗ್ಲಿ."

ಅವನದು ಅಂದ್ರೆ ಯುಪಿಎಸ್‌ಸಿ. ನಾವಿಬ್ಬರೂ ಮಂತ್ರಮಾಂಗಲ್ಯದಲ್ಲಿ ಮದುವೆಯಾದೋರು. ಪುರೋಹಿತನಿಲ್ಲ, ವಾಲಗ ಇಲ್ಲ, ಸಾಲವೂ ಇಲ್ಲ. ಅವನೂ ನನ್ನಂಗೇ ಅವನ ವಂಶದಲ್ಲಿ ಮೊದಲು ಡಿಗ್ರಿ ಕಂಡೋನು. ರಾಜ್ಯಶಾಸ್ತ್ರದಲ್ಲಿ ಎಂ.ಎ. ದೆಹಲಿಗೆ ಹೋಗಿ ಒಂದು ವರ್ಷ ಕೋಚಿಂಗ್ ತಗೊಳ್ಳೋದು ಅವನ ಪ್ಲಾನು. ಆ ಪರೀಕ್ಷೆಗೆ ಫಾರಂ ತುಂಬಿದ ದಿನದಿಂದ ಕೊನೆಯ ರಿಸಲ್ಟು ಬರೋತನಕ ಒಂದು ವರ್ಷಕ್ಕೂ ಮೇಲೆ ಹಿಡಿಯುತ್ತೆ. ನಮ್ಮೋರಿಗೆ ಮೂವತ್ತೇಳು ವಯಸ್ಸಿನವರೆಗೆ ಎಷ್ಟು ಸಲ ಬೇಕಾದರೂ ಬರೀಬಹುದು. ಇದನ್ನ ಬೇರೆಯವರು ನಮ್ಮನ್ನ ಹಂಗಿಸೋಕೆ ಹೇಳ್ತಾರೆ, ನಮ್ಮೋರು ಧೈರ್ಯಕ್ಕೆ ಹೇಳ್ತಾರೆ. ನಾನು ಮಾತ್ರ ಲೆಕ್ಕ ಹಾಕಿದೆ. ಅವನಿಗೀಗ ಇಪ್ಪತ್ತಾರು. ಅಂದ್ರೆ ನಾನು ಹನ್ನೊಂದು ವರ್ಷ ಕಾಯಬಹುದು.

ನನಗೆ ಕರೆ ಬಂದಿದ್ದು 1962 ನಂಬರಿನ ಸಂಚಾರಿ ಗಾಡಿಯ ಕೆಲಸಕ್ಕೆ. ರೈತರು ಆ ನಂಬರಿಗೆ ಫೋನು ಮಾಡಿದ್ರೆ ಗಾಡಿ ಹಟ್ಟಿ ಬಾಗಿಲಿಗೇ ಹೋಗಬೇಕು. ಒಬ್ಬ ಡಾಕ್ಟರು, ಒಬ್ಬ ಸಹಾಯಕ, ಒಬ್ಬ ಡ್ರೈವರು. ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ ಅನ್ನೋದು ಯೋಜನೆಯ ಲೆಕ್ಕ. ಗುತ್ತಿಗೆ ನೌಕರಿ. ಇವತ್ತಿದ್ದು ನಾಳೆ ಇಲ್ಲ ಅನ್ನಬಹುದು. ಹದಿನೈದು ದಿನದೊಳಗೆ ಸೇರಬೇಕು, ಇಲ್ಲದಿದ್ರೆ ಪಟ್ಟಿಯಲ್ಲಿ ಮುಂದಿನ ಹೆಸರು.

ಗಡುವು ಅಂದ್ರೆ ಏನು ಅಂತ ಈ ಓದು ನನಗೆ ಚೆನ್ನಾಗಿ ಕಲಿಸಿದೆ. ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ ಮಾಡಿಸಬೇಕು, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಅದು ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಹಸು ಬರಿದೇ ಮೇಯುತ್ತೆ. ಒಂದೇ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕೋ ವಿಧವೆಗೆ ಆ ಇಪ್ಪತ್ತೊಂದು ದಿನ ಅಂದ್ರೆ ಏನು ಅಂತ ನಮ್ಮವ್ವನ್ನ ಕೇಳಬೇಕು. ಕರು ಹಾಕಿದ ಹಸು ಹಾಲುಜ್ವರ ಬಂದು ಕತ್ತು ಹೊಟ್ಟೆ ಕಡೆಗೆ ತಿರುಗಿಸಿಕೊಂಡು ಮಲಗಿಬಿಟ್ಟರೆ ತಡ ಮಾಡಂಗಿಲ್ಲ. ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ, ಎದೆಬಡಿತ ನೋಡಿಕೊಂಡು ಬಿಡಬೇಕು. ಸತ್ತೇಹೋಯ್ತು ಅಂದುಕೊಂಡಿದ್ದ ಹಸು ಸ್ವಲ್ಪ ಹೊತ್ತಿಗೆ ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುತ್ತೆ. ಅದನ್ನ ಒಂದು ಸಲ ಕಣ್ಣಾರೆ ಕಂಡೋರು ಮನೇಲಿ ಕೂತು ಯಾರದೋ ರಿಸಲ್ಟು ಕಾಯಲಾರರು. ಇನ್ನೊಂದು ಮಾತು: ಗಬ್ಬ ನೋಡೋ ವಿದ್ಯೆ ಪುಸ್ತಕದಲ್ಲಿಲ್ಲ, ಬೆರಳ ತುದೀಲಿದೆ. ಎರಡು ತಿಂಗಳ ಗಬ್ಬವನ್ನ ಕೈ ಹಾಕಿ ಹೇಳೋಕೆ ನನಗೆ ನೂರಾರು ಹಸು ಬೇಕಾಯ್ತು. ವರ್ಷಗಟ್ಟಲೆ ಬಿಟ್ಟರೆ ಬೆರಳು ಮರೆಯುತ್ತೆ.

ನಮ್ಮ ತಾತನ ಬೆರಳಿಗೂ ವಿದ್ಯೆ ಇತ್ತು. ಊರಲ್ಲಿ ದನ ಸತ್ತರೆ ಎಳೆದುಹಾಕೋಕೆ, ಸುಲಿಯೋಕೆ ಅವನಿಗೇ ಹೇಳಿಕಳಿಸೋರು. ಮೂಗು ಬಾಯಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಕಂಡರೆ ಆ ದನಕ್ಕೆ ಕತ್ತಿ ಹಾಕಬ್ಯಾಡಿ ಅಂತಿದ್ದನಂತೆ. ಅದು ಆಂಥ್ರಾಕ್ಸ್ ಅಂತ, ಅಂಥ ಹೆಣವನ್ನ ಕೊಯ್ಯದೆ ಆಳವಾಗಿ ಸುಣ್ಣ ಹಾಕಿ ಹೂಳಬೇಕು ಅಂತ ನಾನು ಕ್ಲಾಸಿನಲ್ಲಿ ಬರೆದುಕೊಂಡಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂದರು. ನಾವು ಬಿಟ್ಟೆವು. ಬದುಕಿರೋ ದನವನ್ನ ಮುಟ್ಟೋ ಕೆಲಸಕ್ಕೆ ನಮ್ಮ ವಂಶ ಬರೋಕೆ ಇನ್ನೂ ಮೂರು ತಲೆಮಾರು ಬೇಕಾಯ್ತು.

ಬಂದ ಮೇಲೂ ಎಲ್ಲ ಸಲೀಸಲ್ಲ. ಇಂಟರ್ನ್‌ಶಿಪ್ಪಿನಲ್ಲಿ ಒಂದು ಊರಲ್ಲಿ ಮಾಸು ಬೀಳದ ಹಸುವಿಗೆ ಮೊಣಕೈ ಮೇಲಿನತನಕ ಕೈ ಹಾಕಿ, ಬೆವರು ಕಿತ್ತುಹೋಗಿ ಎದ್ದೆ. ಮನೆಯಾಕೆ ನಮ್ಮ ಗುಂಪಿನ ಉಳಿದೋರನ್ನ ನಡುಮನೆಗೆ ಕರೆದು ಕಾಫಿ ಕೊಟ್ಟಳು. ನನ್ನ ಊರು, ಕೇರಿ ವಿಚಾರಿಸಿ ಆಗಿತ್ತು. ನನಗೆ ಜಗಲಿ ಮೇಲೇ ಪ್ಲಾಸ್ಟಿಕ್ ಲೋಟ. ಅವರ ಹಸುವಿನ ಗರ್ಭದೊಳಗೆ ನನ್ನ ಕೈ ಹೋಗಬಹುದು, ಅವರ ಹೊಸ್ತಿಲೊಳಗೆ ಕಾಲು ಹೋಗಂಗಿಲ್ಲ. ಇದರ ಮೇಲೆ ಒಂದು ಪದ್ಯ ಬರೆದೆ. ಚೆನ್ನಾಗಿ ಬರಲಿಲ್ಲ, ಹರಿದುಹಾಕಿದೆ.

ಈಗ ನಮ್ಮೋರ ಮಾತಿಗೆ ಬರ್ತೀನಿ. ಹಿರಿಯರೊಬ್ಬರು ಬಂದು, "ಬಾಬಾಸಾಹೇಬರು ಓದೋವಾಗ ರಮಾತಾಯಿ ಬೆರಣಿ ತಟ್ಟಲಿಲ್ವೇನಮ್ಮ?" ಅಂದರು. ಗೊತ್ತು ಸ್ವಾಮಿ. 1913ರಲ್ಲಿ ಅವರು ಅಮೆರಿಕಕ್ಕೆ ಹಡಗು ಹತ್ತಿದರು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಆ ತಾಯಿ ಹಸಿವು ನುಂಗಿ, ಮಕ್ಕಳನ್ನ ಮಣ್ಣು ಮಾಡಿ, 1935ರಲ್ಲಿ ತಾನೂ ಹೋದಳು. ನೆನೆದರೆ ನನ್ನ ಕಣ್ಣೂ ಒದ್ದೆಯಾಗುತ್ತೆ. ಆದರೆ ಆಕೆಗೆ ಬೇರೆ ದಾರಿ ಇರಲಿಲ್ಲ, ನನಗಿದೆ. ಆಕೆಯ ನೋವನ್ನ ನನ್ನ ಕುತ್ತಿಗೆಗೆ ನೊಗ ಮಾಡಬ್ಯಾಡಿ. ಅದೇ ಬಾಬಾಸಾಹೇಬರು 1942ರಲ್ಲಿ ನಾಗಪುರದಲ್ಲಿ ನಮ್ಮ ಹೆಂಗಸರ ಸಮ್ಮೇಳನದಲ್ಲಿ ಹೆಂಡತಿಯಾದೋಳು ಗಂಡನಿಗೆ ಗೆಳತಿಯಾಗಿ ಸಮನಾಗಿ ನಿಲ್ಲಬೇಕು, ಗುಲಾಮಳಾಗಬಾರದು ಅಂದದ್ದನ್ನ ಇವರ್ಯಾಕೆ ಭಾಷಣದಲ್ಲಿ ಹೇಳಲ್ಲ?

ಅವನ ಮಾತಲ್ಲೂ ನಿಜ ಇತ್ತು, ಇಲ್ಲ ಅನ್ನಲ್ಲ. "ಹಗಲೆಲ್ಲ ಗಾಡೀಲಿ ತಿರುಗಿ ಬಂದು ನೀನು ಕೆಪಿಎಸ್‌ಸಿಗೆ ಓದೋದು ಯಾವಾಗ? ಖಾಯಂ ಹುದ್ದೆ ಕರೆಯೋದೇ ಅಪರೂಪ" ಅಂದ. ನಾನು ಕೇಳಿದೆ: "ನಿನಗೆ ಐಎಎಸ್ಸೇ ಆಗಿ ನಾಗಾಲ್ಯಾಂಡ್ ಕೇಡರ್ ಬಂತು ಅನ್ನು. ಆಗ ನಾನು ಕರ್ನಾಟಕ ಸರ್ಕಾರದ ಹುದ್ದೆ ಹಿಡಕೊಂಡು ಅಲ್ಲಿಗೆ ಬರೋಕಾಗುತ್ತಾ? ಆಗಲೂ ನಾನೇ ಬಿಡಬೇಕು ತಾನೆ?" ಅವನು ಸುಮ್ಮನಾದ. ಅಷ್ಟು ದೂರ ನಾವಿಬ್ಬರೂ ಯೋಚಿಸಿರಲಿಲ್ಲ.

ನಮ್ಮಿಬ್ಬರ ಜಗಳ ಬಗೆಹರಿಸಿದ್ದು ವಾದವಲ್ಲ, ಸಂಘದ ಸಾಲ. ನನ್ನ ಹಾಸ್ಟೆಲ್ಲು, ಪುಸ್ತಕದ ಖರ್ಚಿಗೆ ಅವ್ವ ಎತ್ತಿದ್ದು. ಪ್ರತಿ ಮಂಗಳವಾರ ಕಂತಿಗೆ ಬಂದು ಬಾಗಿಲಲ್ಲಿ ಕೂರ್ತಾರೆ. ನಮ್ಮಳಿಯ ಪಾಸಾಗೋತನಕ ಕಾಯ್ರಪ್ಪ ಅಂದ್ರೆ ಅವರು ಕಾಯ್ತಾರಾ? ಮೇಲಾಗಿ 2024ರ ಜುಲೈನಲ್ಲಿ ದೆಹಲಿಯ ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ನೀರು ನುಗ್ಗಿ ಓದೋ ಮೂವರು ಮಕ್ಕಳು ಸತ್ತದ್ದನ್ನ ಟೀವೀಲಿ ನೋಡಿದಾಗಿನಿಂದ ಅವನ ತಾಯಿಗೆ ದೆಹಲಿ ಅಂದ್ರೆ ಎದೆ ಹೊಡಕೊಳ್ಳುತ್ತೆ. ಕೊನೆಗೆ ಅವನು ಬೆಂಗಳೂರಿನ ವಿಜಯನಗರದಲ್ಲಿ ಗೆಳೆಯರ ಜೊತೆ ರೂಮು ಹಿಡಿಯೋದು, ನನ್ನ ಸಂಬಳದಲ್ಲಿ ಮೊದಲು ಅವ್ವನ ಕಂತು, ಆಮೇಲೆ ಅವನ ರೂಮಿನ ಬಾಡಿಗೆ ಅಂತ ಆಯ್ತು. ಎರಡು ಸಲ ಬರೆದು ನೋಡು, ಮೂರನೇ ವರ್ಷ ನನ್ನ ಓದಿನದು, ಆಗ ನೀನು ದುಡಿ ಅಂದೆ. "ಆಮೇಲೆ ನೋಡಣ" ಅಂದ. ನೋಡಣ ಅನ್ನೋ ಮಾತನ್ನ ನಾನು ಡೈರೀಲಿ ತಾರೀಖು ಹಾಕಿ ಬರೆದಿಟ್ಟಿದ್ದೀನಿ.

ಮೊನ್ನೆ ಇಬ್ಬರೂ ಪೇಟೆಗೆ ಹೋಗಿ ಗಂಬೂಟು ಹುಡುಕಿದೆವು. ನನ್ನ ಕಾಲು ಐದನೇ ನಂಬರು. ಅಂಗಡಿಯವನು, "ಹೆಂಗಸರಿಗೆ ಇದು ಬರಲ್ಲಮ್ಮ, ಏಳರಿಂದ ಮೇಲೆ ಅಷ್ಟೇ" ಅಂದ. ಮೂರು ಅಂಗಡಿ ತಿರುಗಿದರೂ ಅದೇ. ಏಳನೇ ನಂಬರಿನದೇ ತಗೊಂಡು ಬಂದೆ, ತುದಿಗೆ ಅವ್ವನ ಹಳೇ ಸೀರೆಯ ತುಂಡು ತುರುಕಿದ್ದೀನಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ಹೊರಡುತ್ತಂತೆ.